ಉಪ್ಪಿನ ಲೆಕ್ಕ

ಸೋಮವಾರ ಎಂಟಕ್ಕೆ ಮೂರನೆಯ ಮಹಡಿಯ ಲ್ಯಾಬು.
ಕಿಟಕಿಯಾಚೆ ಉಲಾನ್‌ಬಾತರ್ ಇಲ್ಲ,
ಕಲ್ಲಿದ್ದಲ ಹೊಗೆ ಇದೆ.
ನಲವತ್ತು ಮಕ್ಕಳು, ಇಪ್ಪತ್ತು ಜೋಡಿ,
ಒಬ್ಬರ ತೋಳಿಗೊಬ್ಬರು ಪಟ್ಟಿ ಸುತ್ತಿ
ಗಾಳಿ ಒತ್ತುತ್ತಾರೆ.
ಮೆಲ್ಲಗೆ ಬಿಡಿ, ಎನ್ನುತ್ತೇನೆ. ಪಾದರಸ ಇಳಿಯುವಾಗ
ಮೊದಲು ಕೇಳಿದ ಬಡಿತ ಮೇಲಿನ ಸಂಖ್ಯೆ,
ಸದ್ದು ಅಡಗಿದ್ದು ಕೆಳಗಿನದು,
ನಡುವೆ ಕೇಳುವುದಷ್ಟೂ ಮನುಷ್ಯ.
ಇದನ್ನೂ ಬರೆದುಕೊಂಡ ತೆಮೂಲೆನ್.
ಪರೀಕ್ಷೆಗೆ ಬರುವುದಿಲ್ಲ, ಹೊಡೆದುಹಾಕು ಎಂದೆ.

ಮಧ್ಯಾಹ್ನ ನನ್ನ ಕೋಣೆ, ನನ್ನ ಕೋಷ್ಟಕ.
ಮುನ್ನೂರ ಹನ್ನೆರಡು ಸಾಲು. ಹೆಸರಿಲ್ಲ, ನಂಬರು.
ಅರ್ಧ ಜನಕ್ಕೆ ಮಾಮೂಲಿ ಉಪ್ಪು,
ಅರ್ಧ ಜನಕ್ಕೆ ಸೋಡಿಯಂ ಇಳಿಸಿದ್ದು,
ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ, ನಮಗೂ.
ಗೊತ್ತಿಲ್ಲದಿರುವುದಕ್ಕೇ ಮೂರು ಸಹಿ, ಒಂದು ಮೊಹರು.
ಇವತ್ತು ಲಕೋಟೆ ಒಡೆದರು.

ನೂರ ನಲವತ್ತೊಂದನೆಯ ಸಾಲು: ಇಳಿಸಿದ ಉಪ್ಪಿನವರು.
ಮೂತ್ರದಲ್ಲಿ ಉಪ್ಪು ಇಳಿದಿಲ್ಲ.
ರಕ್ತದೊತ್ತಡ ಇಳಿದಿಲ್ಲ.
ಸಂಖ್ಯಾಶಾಸ್ತ್ರದ ಹುಡುಗ ಫೋನಿನಲ್ಲಿ:
ತೆಗೆದುಬಿಡೋಣವಾ ಬಗ್ಶಾ, ಇದೊಂದು ಸಾಲು?
ಡೀನರಿಗೆ ಜೂನಿನೊಳಗೆ ಮೂರು ಪ್ರಬಂಧ ಬೇಕು.
ಅವನಿಗೆ ಅದು ಸಾಲು.
ನನಗೆ ವಾಸನೆ: ಒಣಸಗಣಿಯ ಒಲೆ, ಕುರಿಯುಣ್ಣೆ, ಒದ್ದೆ ಜೀನು.

ಆಗಸ್ಟಿನಲ್ಲಿ ಹೋಗಿದ್ದೆವು, ನಾನು ಮತ್ತು ಹೂಲಾನ್,
ವ್ಯಾನಿನಲ್ಲಿ ಒಂಬತ್ತು ತಾಸು, ಎರಡು ಸಲ ಪಂಕ್ಚರು.
ದಮ್ದಿನ್ ಅಜ್ಜನ ಗೆರ್, ಬೆಟ್ಟದ ಬೆನ್ನಿಗೆ.
ಇಡೀ ದಿನದ ಮೂತ್ರ ಹಿಡಿಯಲು ನಾವು ಕೊಟ್ಟ
ಮೂರು ಲೀಟರಿನ ಬಿಳಿ ಕ್ಯಾನು
ಬಾಗಿಲ ಪಕ್ಕ ತೂಗುತ್ತಿತ್ತು,
ಅದರಲ್ಲಿ ಕುದುರೆ ಹಾಲು ಹುಳಿಯುತ್ತಿತ್ತು.
ತೊಳ್ದಿದೀನಿ, ಎಂದ ಅಜ್ಜ.
ಯಾವಾಗ ಎಂದು ಹೂಲಾನ್ ಕೇಳಲಿಲ್ಲ.
ಬೋಗುಣಿ ಎರಡೂ ಕೈಯಲ್ಲಿ ಹಿಡಿದು ಕುಡಿದೆವು.

ಆಮೇಲೆ ಚಹಾ. ಒಂದೇ ಗುಟುಕಿಗೆ ತಿಳಿಯಿತು
ಇದು ಕೆರೆಯ ಉಪ್ಪು, ನಮ್ಮ ಪೊಟ್ಟಣದ್ದಲ್ಲ.
ನಮ್ಮದೆಲ್ಲಿ ಅಜ್ಜ?
ಗದ್ದದಲ್ಲೇ ತೋರಿಸಿದ. ಹೊರಗೆ
ಹಲಗೆಯ ಮೇಲೆ ಆಡುಗಳು
ಅನುದಾನದ ಉಪ್ಪು ನೆಕ್ಕುತ್ತಿದ್ದವು,
ಗಡ್ಡ ಅಲ್ಲಾಡಿಸುತ್ತ, ಶ್ರದ್ಧೆಯಿಂದ.

ಗೋಡೆಯಲ್ಲಿ ನಾವು ಅಂಟಿಸಿದ ಕಾಗದ:
ತೊಂಬತ್ತು ಮನೆ, ತೊಂಬತ್ತು ಗೆರೆ,
ಒಂದೂ ತಪ್ಪಿಲ್ಲ, ಒಂದೂ ಸೊಟ್ಟಗಿಲ್ಲ.
ಅಷ್ಟು ದೂರದಿಂದ ಬರೋರು ನೀವು,
ಬೇಜಾರಾಗಬಾರದಲ್ಲ, ಎಂದ.

ಏನು ಬರೆಯಲಿ, ಎಂದಳು ಹೂಲಾನ್.
ಆಡುಗಳಿಗೆ ಒಪ್ಪಿತು ಅಂತ ಬರೆ.
ಬರೆದಳು. ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ,
ಅಂಚಿನಲ್ಲಿದೆ, ಪೆನ್ಸಿಲಿನಲ್ಲಿ, ಈಗಲೂ.

ತೆಗೆಯೋದಿಲ್ಲ, ಎಂದೆ ಫೋನಿಗೆ.
ಕೊಟ್ಟ ಗುಂಪಿನಲ್ಲೇ ಇರಲಿ.
ಇದು ಉಪ್ಪು ಕೊಟ್ಟವರ ಲೆಕ್ಕ ಕಣೋ,
ಉಪ್ಪು ತಿಂದವರದ್ದಲ್ಲ.
ಅವನು ಸುಮ್ಮನಿದ್ದ. ನಾನೂ.
ಕುದುರೆ ಹಾಲು ಕುಡಿದಿದ್ದಕ್ಕೆ ಈ ಒಬ್ಬ ಬಾಯಿಬಿಟ್ಟ.
ಉಳಿದ ಮುನ್ನೂರ ಹನ್ನೊಂದು ಗೋಡೆಗಳಲ್ಲಿ
ಎಷ್ಟು ನೆಟ್ಟನೆಯ ಗೆರೆ, ಎಷ್ಟು ಆಡು?

ಡ್ರಾಯರಿನ ತಳದಲ್ಲಿ ಉಳಿದಿತ್ತು ನೀಲಿ ಪಟ್ಟಿಯ ಪೊಟ್ಟಣ.
ಎರಡು ವರ್ಷ ಊರೂರಿಗೆ ಹಂಚಿದ್ದೇನೆ,
ಒಮ್ಮೆಯೂ ಬಾಯಿಗಿಟ್ಟಿಲ್ಲ.
ಇಲಾಖೆಯ ಕೆಟಲಿನಲ್ಲಿ ಹಾಲು ಚಹಾ ಕಾಸಿ
ಅಳೆದು ಹಾಕಿದೆ. ಕುಡಿದೆ.
ಸಪ್ಪೆಯಲ್ಲ, ಕಹಿ. ನಾಲಿಗೆಯ ಅಂಚಿಗೆ
ತಗಡು ತಾಗಿದ ಹಾಗೆ.

ಮನೆಯಿಂದ ತಂದ ಡಬ್ಬಿ ಬ್ಯಾಗಿನಲ್ಲಿತ್ತು.
ಕಾರಿಡಾರಿನಲ್ಲಿ ಯಾರೂ ಇಲ್ಲ ಅಂತ ನೋಡಿ
ಒಂದು ಚಿಟಿಕೆ ಹಾಕಿಕೊಂಡೆ,
ಆಮೇಲೆ ಒಂಟಿ ಕೈಯಲ್ಲಿ ಪಟ್ಟಿ ಸುತ್ತಿ
ಗಾಳಿ ಒತ್ತಿ, ಮೆಲ್ಲಗೆ ಬಿಡುತ್ತ
ಕಿವಿಗೊಟ್ಟು ಕೂತೆ.